ಅಕ್ಷರದ ಬೂದಿ

ಇಂದು ರದ್ದಿ ಕಟ್ಟುವಾಗ ಮಗಳ ಹಳೆಯ ಕಾಪಿ ಪುಸ್ತಕಕ್ಕೆ ಕಾಲು ತಾಗಿತು. ಕೈ ತಾನಾಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಆಗ ನೆನಪಾದದ್ದು ಹಳೆಯ ಚೀನಾ. ಅಲ್ಲಿ ಅಕ್ಷರವಿರುವ ಕಾಗದವನ್ನು ತುಳಿಯುವುದಿರಲಿ, ಕಸಕ್ಕೆ ಹಾಕುವುದೂ ತಪ್ಪು. ಬೀದಿಯಲ್ಲಿ ಬಿದ್ದ ಚೂರುಗಳನ್ನು ಬುಟ್ಟಿಗೆ ಆಯ್ದುಕೊಂಡು, ಅದಕ್ಕೆಂದೇ ಕಟ್ಟಿದ ಗೋಪುರದಂಥ ಪುಟ್ಟ ಕುಲುಮೆಯಲ್ಲಿ ಸುಟ್ಟು, ಬೂದಿಯನ್ನು ಹೊಳೆಗೋ ಕಡಲಿಗೋ ಬಿಡುತ್ತಿದ್ದರು. ತೈವಾನಿನ ಲಾಂಗ್‌ಟಾನ್‌ನಲ್ಲಿ 1875ರಲ್ಲಿ ಕಟ್ಟಿದ ಅಂಥದೊಂದು ಕುಲುಮೆ ಇಂದಿಗೂ ನಿಂತಿದೆ.

ಲಿಪಿಯನ್ನು ಸೃಷ್ಟಿಸಿದ ತ್ಸಾಂಗ್‌ಜಿಯೆಗೆ ನಾಲ್ಕು ಕಣ್ಣು. ಅವನು ಅಕ್ಷರ ಬರೆದಾಗ ಆಕಾಶದಿಂದ ಧಾನ್ಯದ ಮಳೆ ಸುರಿಯಿತು, ರಾತ್ರಿ ದೆವ್ವಗಳು ಅತ್ತವು ಎನ್ನುತ್ತದೆ ಅವರ ಐತಿಹ್ಯ. ದೆವ್ವಗಳು ಅತ್ತ ಆ ಮಾತು ಬೆಳಗಿನಿಂದ ನನ್ನನ್ನು ಬಿಟ್ಟಿಲ್ಲ. ಕಾಪಿ ಪುಸ್ತಕವನ್ನು ರದ್ದಿಗೆ ಹಾಕಲಾಗಲಿಲ್ಲ, ಕಪಾಟಿನ ಮೇಲಿಟ್ಟಿದ್ದೇನೆ.