ಗಾಳಿಗೆ ಕಟ್ಟಿದ ಒಡ್ಡು

2024 ಸೆಪ್ಟೆಂಬರ್ 14, ಶನಿವಾರ

ಬೆಳಗ್ಗೆ ಪುಳಿಯೋಗರೆ ಕಟ್ಟಿಕೊಂಡು ರಾಲಿನ್ಸ್ ಪಾಸ್ ಎಂಬ ಬೆಟ್ಟದ ದಾರಿಯ ಕಡೆ ಹೊರಟವರು ಸಂಜೆ ಕೊಲೊರಾಡೊ ರಾಜ್ಯದ ಲಾಂಗ್‌ಮಾಂಟಿನ ಮನೆಗೆ ಮರಳಿದ್ದು ಬಂಪರಿನ ಕೆಳಗೆ ನೈಲಾನ್ ಹಗ್ಗ ಬಿಗಿದ ಪಿಕಪ್ಪಿನಲ್ಲಿ. ತಪ್ಪು ಪೂರ್ತಿ ನನ್ನದು.

ಆ ದಾರಿ ಒಂದು ಕಾಲಕ್ಕೆ ರೈಲು ಮಾರ್ಗ. ಡೆನ್ವರಿನ ಡೇವಿಡ್ ಮಾಫಟ್ ಎಂಬ ಸಾಹುಕಾರ ಹಾಕಿಸಿದ ಹಳಿಯ ಮೇಲೆ ರೈಲು ರಾಕಿ ಪರ್ವತದ ನೆತ್ತಿ ಹತ್ತಿ ಆಚೆ ಇಳಿಯುತ್ತಿತ್ತು. 1928ರಲ್ಲಿ ಕೆಳಗೆ ಸುಮಾರು 10 ಕಿಲೋಮೀಟರ್ ಉದ್ದದ ಸುರಂಗ ತೆರೆದ ಮೇಲೆ ಮೇಲಿನ ಹಳಿಗೆ ಕೆಲಸ ಇಲ್ಲವಾಯಿತು. ಹಳಿ ಕಿತ್ತರು, ದಾರಿ ಉಳಿಯಿತು. ರೈಲಿಗೆಂದು ಕಡಿದ ದಾರಿಯಾದ್ದರಿಂದ ಏರು ಮಹಾ ಕಡಿದೇನಲ್ಲ. ಕಾಟವೆಲ್ಲ ಕಲ್ಲಿನದು, ಹೊಂಡದ್ದು, ಮಳೆನೀರು ಅಡ್ಡಡ್ಡ ಕೊರೆದಿಟ್ಟ ಕೊರಕಲುಗಳದ್ದು. ಆಸ್ಪೆನ್ ಮರಗಳು ಅರಿಶಿನ ಬಳಿದುಕೊಳ್ಳಲು ಶುರುಮಾಡಿವೆ. ಅವನ್ನು ನೋಡುತ್ತ ನೋಡುತ್ತ ಒಂದು ಕೊರಕಲಿಗೆ ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಇಳಿಸಿಬಿಟ್ಟೆ. ಓರೆಯಾಗಿ ಒಂದೊಂದೇ ಚಕ್ರ ಇಳಿಸಬೇಕು ಎಂಬುದು ಗೊತ್ತಿಲ್ಲದ್ದೇನಲ್ಲ.

ಕೆಳಗೆ ಪರಪರ ಎಂದಿತು. ಹಿಂದಿನ ಸೀಟಿನಿಂದ ಮಗಳು, “ಅಪ್ಪಾ, ಕೆಳಗೆ ಯಾರೋ ಚಾಪೆ ಎಳೆಯುತ್ತಿದ್ದಾರೆ” ಎಂದಳು.

ಇಳಿದು ನೋಡಿದರೆ ನಿಜಕ್ಕೂ ಚಾಪೆಯೇ. ಬಂಪರಿನ ಕೆಳಗಿರುವ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಎಡತುದಿ ಕಿತ್ತು ನೆಲಕ್ಕೆ ತಾಗಿಕೊಂಡಿತ್ತು. ಹಗ್ಗ ಹಾಕಿ ಎತ್ತಿ ಕಟ್ಟಿದೆ. ಯಾಂಕೀ ಡೂಡಲ್ ಕೆರೆಯವರೆಗೆ ಹೋಗುವ ಆಸೆ ಅಲ್ಲಿಗೇ ಮುಗಿಯಿತು. ಪುಳಿಯೋಗರೆಯನ್ನು ದಾರಿಬದಿಯ ಕಲ್ಲಿನ ಮೇಲೆ ಕುಳಿತು ತಿಂದೆವು. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

2024 ಸೆಪ್ಟೆಂಬರ್ 15, ಭಾನುವಾರ

ಆ ಪಟ್ಟಿಗೆ ಏರ್ ಡ್ಯಾಮ್ ಎಂದು ಹೆಸರು. ನೀರಿಗೆ ಕಟ್ಟಿದ ಅಣೆಕಟ್ಟನ್ನು ಕನ್ನಂಬಾಡಿಯಲ್ಲಿ ನೋಡಿ ಬೆಳೆದವನಿಗೆ ಗಾಳಿಗೂ ಒಂದನ್ನು ಕಟ್ಟುತ್ತಾರೆ ಎಂಬುದು ಎಂಟು ವರ್ಷ ಹಳೆಯ ಈ ಸಿಲ್ವರಾಡೊ ಪಿಕಪ್ ಕೊಂಡ ಮೇಲೆ ತಿಳಿಯಿತು. ಅಣೆಕಟ್ಟು ಎಂದರೆ ಹೆಚ್ಚಾಯಿತು. ಗದ್ದೆಯ ಬದಿಯ ಒಡ್ಡು ಎಂದರೆ ಸರಿಹೋಗುತ್ತದೆ.

ಬೆಳಗ್ಗೆ ಎಂಟಕ್ಕೆ ಸಕಲೇಶಪುರದಿಂದ ಅಪ್ಪನ ಫೋನು. ವಿಡಿಯೊದಲ್ಲಿ ತೋರಿಸಿದೆ.

“ಅಷ್ಟು ಕೆಳಗೆ ಅದನ್ನೇಕೆ ನೇತುಹಾಕಿದ್ದಾರೋ? ನಮ್ಮ ತೋಟದ ಜೀಪಿಗೆ ಅಂಥದ್ದೇನೂ ಇಲ್ಲವಲ್ಲ.”

“ನಿಮ್ಮ ಜೀಪು ಇಪ್ಪತ್ತು ಕಿಲೋಮೀಟರ್ ವೇಗ ದಾಟಿದ್ದನ್ನು ನಾನು ಕಂಡೇ ಇಲ್ಲವಲ್ಲಪ್ಪ.”

ವಿಷಯ ಇರುವುದೇ ಅಲ್ಲಿ. ಪಿಕಪ್ಪಿನ ಹೊಟ್ಟೆಯ ಕಡೆ ಮಲಗಿ ನೋಡಿದರೆ ಅದೊಂದು ಹಳೆ ಸಾಮಾನಿನ ಅಟ್ಟ. ಆಕ್ಸಲ್, ಡ್ರೈವ್ ಶಾಫ್ಟ್, ಸೈಲೆನ್ಸರ್ ಪೈಪು, ಹಿಂದೆ ನೇತಾಡುವ ಸ್ಟೆಪ್ನಿ, ಎಲ್ಲ ಒಂದೊಂದು ಮಟ್ಟದಲ್ಲಿ. ಹೆದ್ದಾರಿಯಲ್ಲಿ ಒಳನುಗ್ಗುವ ಗಾಳಿ ಇವೆಲ್ಲಕ್ಕೂ ಡಿಕ್ಕಿ ಹೊಡೆದು ಸುಳಿಯಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟು. ಒಡ್ಡು ಆ ಗಾಳಿಯಲ್ಲಿ ಬಹುಪಾಲನ್ನು ಮುಂದೆಯೇ ತಡೆದು ಪಕ್ಕಗಳಿಗೆ ಸರಿಸುತ್ತದೆ. ಅದರ ಹಿಂದೆ, ಎಂಜಿನ್ನಿನ ಕೆಳಗೆ, ಒತ್ತಡ ತಗ್ಗುತ್ತದೆ. ತಗ್ಗಿದ್ದರಿಂದ ರೇಡಿಯೇಟರ್ ಮೂಲಕ ಗಾಳಿ ಚೆನ್ನಾಗಿ ಒಳಕ್ಕೆ ಬರುತ್ತದೆ. ನೋಡಲು ಬಚ್ಚಲುಮನೆಯ ರಬ್ಬರ್ ಹಾಸು, ಮಾಡುವುದು ಎರಡು ಕೆಲಸ.

1973ರ ತೈಲ ಬಿಕ್ಕಟ್ಟಿನ ಬಿಸಿ ತಾಗಿ 1975ರಲ್ಲಿ ಅಮೆರಿಕದ ಸಂಸತ್ತು ಪ್ರತಿ ಕಂಪನಿಯ ಗಾಡಿಗಳ ಸರಾಸರಿ ಮೈಲೇಜಿಗೆ ಕಾನೂನು ತಂದಿತು. ಆ ಲೆಕ್ಕದಲ್ಲಿ ಪಿಕಪ್ಪುಗಳೂ ಇವೆ. ಒಂದು ಗ್ಯಾಲನ್ನಿಗೆ ಅರ್ಧ ಮೈಲಿ ಹೆಚ್ಚು ಸಿಕ್ಕರೂ ಲಕ್ಷಗಟ್ಟಲೆ ಗಾಡಿ ಮಾರುವವನಿಗೆ ಅದು ಲಾಭವೇ, ಅಷ್ಟಕ್ಕೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಪಟ್ಟಿ. ಈಗಂತೂ ತಾನೇ ಏರಿಳಿಯುವ ಒಡ್ಡು ಬಂದಿದೆ. 2019ರ ರ‍್ಯಾಮ್ 1500 ಪಿಕಪ್ಪಿನಲ್ಲಿ ಗಂಟೆಗೆ 35 ಮೈಲಿ ವೇಗಕ್ಕೆ ಅದು ತಾನಾಗಿ ಕೆಳಗಿಳಿಯುತ್ತದೆ. ನನ್ನದು ಸದಾ ಇಳಿದೇ ಇರುವ ಜಾತಿಯದು.

ಬಿಚ್ಚುವುದು ಸುಲಭ ಎಂದುಕೊಂಡಿದ್ದೆ. ಜಾಕ್ ಹಚ್ಚುವ ಅಗತ್ಯವಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಫ್ರಿಜ್ಜು ಬಂದಿದ್ದ ರಟ್ಟಿನ ಡಬ್ಬ ಹಾಸಿ ಅಂಗಾತ ಮಲಗಿದರೆ ಬೋಲ್ಟುಗಳು ಸಾಲಾಗಿ ಕಾಣುತ್ತವೆ. 7 ಮಿಲಿಮೀಟರ್ ತಲೆಯ ಸಣ್ಣ ಬೋಲ್ಟುಗಳು. ನನ್ನ ಪೆಟ್ಟಿಗೆಯಲ್ಲಿ 6 ಇತ್ತು, 8 ಇತ್ತು, 10 ಅಂತೂ ಮೂರು ಇದ್ದವು. ಏಳೇ ಇರಲಿಲ್ಲ. ಪಕ್ಕದ ಮನೆಯ ನಿವೃತ್ತ ಲಾರಿ ಚಾಲಕರ ಹತ್ತಿರ ಹೋದೆ. ಸಾಕೆಟ್ ಕೊಟ್ಟರು, ಜೊತೆಗೆ ಕುರ್ಚಿ ತಂದು ನಮ್ಮ ಗ್ಯಾರೇಜಿನ ಬಾಗಿಲಲ್ಲೇ ಕುಳಿತರು. ನೋಡಲು.

ಈ ರಾಜ್ಯದಲ್ಲಿ ಚಳಿಗಾಲದ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸುತ್ತಾರೆ. ಹಿಮ ಕರಗುತ್ತದೆ, ಕೆಳಗಿನ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಮೊದಲ ನಾಲ್ಕು ಬೋಲ್ಟುಗಳು ಕಿರುಗುಟ್ಟುತ್ತ ಬಂದವು. ಐದನೆಯದು ತಿರುಗಿತು, ತಿರುಗುತ್ತಲೇ ಇತ್ತು. ಬೋಲ್ಟಿನ ಜೊತೆಗೆ ಅದನ್ನು ಹಿಡಿದಿದ್ದ ಕ್ಲಿಪ್ಪೂ ಸುತ್ತುತ್ತಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಕ್ಲಿಪ್ಪನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರಾಚೆಟ್ ತಿರುಗಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡೆ. ಸರಿಯಾಗಿ ಆಗಲೇ ಬಂಪರಿನ ಮಡಿಕೆಯಿಂದ ಒಣಮಣ್ಣು, ಪೈನ್ ಎಲೆ, ಒಂದು ಸತ್ತ ಮಿಡತೆ ಕಣ್ಣಿನ ಮೇಲೆಯೇ ಸುರಿದವು. ಕುರ್ಚಿಯಿಂದ ಮಾತು ಬಂತು: “ಕನ್ನಡಕ ಹಾಕಿಕೊಳ್ಳಬೇಕಿತ್ತು.” ಆ ಸಲಹೆಯನ್ನು ಅವರು ಮಣ್ಣು ಬೀಳುವವರೆಗೆ ಏಕೆ ಕಾಯ್ದಿಟ್ಟುಕೊಂಡಿದ್ದರೋ.

ಏಳನೆಯದರ ತಲೆಯ ಆರೂ ಮೂಲೆ ಸವೆದು ಗುಂಡಗಾಗಿತ್ತು. ಎಣ್ಣೆ ಸಿಂಪಡಿಸಿ, ಕಾಫಿ ಕುಡಿದು ಬಂದು, ಕಚ್ಚು ಇಕ್ಕಳದಲ್ಲಿ ಹಿಡಿದು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುವಿದೆ. ಆ ಒಂದಕ್ಕೇ ಅರ್ಧ ಗಂಟೆ ಹಿಡಿಯಿತು. ಎರಡು ಬೋಲ್ಟುಗಳು ಬೇರೆ ಜಾತಿಯವು, ಉಳಿದವಕ್ಕಿಂತ ಉದ್ದ. ಹಿಂದಿನ ಮಾಲೀಕ ಎಲ್ಲಿಂದಲೋ ತಂದು ತೂರಿಸಿದ್ದಿರಬೇಕು. ಯಾವುದು ಎಲ್ಲಿಯದು ಎಂಬುದು ಮರೆಯಬಾರದೆಂದು ಮಗಳು ಒಂದು ಉಪಾಯ ಮಾಡಿದಳು. ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು, ಎಡದಿಂದ ಬಲಕ್ಕೆ ಗುಳಿಗೊಂದರಂತೆ ಬೋಲ್ಟು ಇಟ್ಟಳು. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಯಾವ ಗ್ಯಾರೇಜಿನಲ್ಲೂ ಕಂಡಿಲ್ಲ. ಹನ್ನೊಂದೂವರೆಗೆ ತಟ್ಟೆಯ ಒಡತಿ ಹೊರಗೆ ಬಂದಳು. ಆಮೇಲೆ ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಬಾಟಲಿಗೆ ಹೋದವು, ಸರದಿ ಕೆಟ್ಟಿತು.

ಒಡ್ಡಿದ್ದಾಗ ನೆಲದಿಂದ 10 ಇಂಚು ಇತ್ತು. ಬಿಚ್ಚಿದ ಮೇಲೆ ಟೇಪು ಹಿಡಿದರೆ 14 ಮತ್ತು ಚಿಲ್ಲರೆ. ಆ ನಾಲ್ಕು ಇಂಚು ನಿನ್ನೆ ಇದ್ದಿದ್ದರೆ ಕೆರೆ ನೋಡಿ ಬರುತ್ತಿದ್ದೆವು.

ರಾತ್ರಿ ಗಾಡಿಯ ಕೈಪಿಡಿ ತೆಗೆದೆ, ಕೊಂಡ ಮೇಲೆ ಮೊದಲ ಸಲ. ಕಚ್ಚಾ ದಾರಿಗೆ ಹೋಗುವ ಮೊದಲು ಏರ್ ಡ್ಯಾಮ್ ಬಿಚ್ಚಿಕೊಳ್ಳಿ, ಬಂದ ಮೇಲೆ ತಪ್ಪದೆ ಮತ್ತೆ ಹಾಕಿ, ಬಹುಕಾಲ ಅದಿಲ್ಲದೆ ಓಡಿಸಿದರೆ ಎಂಜಿನ್ನಿಗೆ ಗಾಳಿಯ ಹರಿವು ಸರಿಯಾಗಿ ಆಗದೆ ಹೋಗಬಹುದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹೆಂಡತಿಗೆ ಈ ಪುಟ ತೋರಿಸಿಲ್ಲ.

2024 ಸೆಪ್ಟೆಂಬರ್ 18, ಬುಧವಾರ

ಗಾಡಿಯ ಮುಖ ಹಲ್ಲಿನ ಸೆಟ್ ತೆಗೆದಿಟ್ಟ ಅಜ್ಜನಂತೆ ಕಾಣುತ್ತಿದೆ. ಕೆಲವರಿಗೆ ಇದೇ ಚೆಂದವಂತೆ. ಕಚೇರಿಯ ವಾಹನ ನಿಲುಗಡೆಯಲ್ಲಿ ಒಂದು ಸುಖವುಂಟು: ಮುಂದಿರುವ ಕಾಂಕ್ರೀಟ್ ದಿಮ್ಮಿಗೆ ತಾಗುತ್ತದೆಯೋ ಎಂದು ಉಸಿರು ಹಿಡಿದು ನಿಲ್ಲಿಸಬೇಕಾಗಿಲ್ಲ. ಹೆದ್ದಾರಿಯಲ್ಲಿ ಸದ್ದು ತುಸು ಹೆಚ್ಚಾಗಿದೆ ಎನಿಸಿತು. ಹೆಚ್ಚಾಗಿರಬೇಕು ಎಂದು ಕಿವಿಗೊಟ್ಟು ಕುಳಿತವನಿಗೆ ಎನಿಸದೆ ಇರುತ್ತದೆಯೇ?

2024 ಅಕ್ಟೋಬರ್ 6, ಭಾನುವಾರ

ಮೂರು ಟ್ಯಾಂಕ್ ಪೆಟ್ರೋಲಿನ ಲೆಕ್ಕ ಸಿಕ್ಕಿತು. ಲಾಂಗ್‌ಮಾಂಟಿನಿಂದ ಫೋರ್ಟ್ ಕಾಲಿನ್ಸಿಗೆ ಅದೇ ದಾರಿ, ಅದೇ ಬಂಕು, ಅದೇ ಪಂಪು. ನಳಿಕೆ ‘ಟಕ್’ ಎಂದ ಕೂಡಲೇ ನಿಲ್ಲಿಸುವುದು, ಹನಿ ಹೆಚ್ಚು ಹಾಕುವುದಿಲ್ಲ. ಒಡ್ಡಿದ್ದಾಗ ಗ್ಯಾಲನ್ನಿಗೆ ಸರಾಸರಿ 20.3 ಮೈಲಿ ಬರುತ್ತಿತ್ತು. ಈಗ ಕ್ರಮವಾಗಿ 19.6, 20.5, 19.1.

ನಡುವಿನ 20.5ಕ್ಕೆ ಏನು ಹೇಳುವುದು? ಆ ವಾರ ಬೆಟ್ಟದ ಕಡೆಯ ಗಾಳಿ ಬಿದ್ದಿತ್ತು, ಕೊನೆಯ ವಾರ ಗಾಡಿಯೇ ಪಕ್ಕಕ್ಕೆ ಸರಿಯುವಷ್ಟು ಬೀಸಿತು. ಗಾಳಿಗೆ ಅಡ್ಡ ಕಟ್ಟಿದ ವಸ್ತುವಿನ ಲಾಭನಷ್ಟವನ್ನು ಗಾಳಿಯೇ ಗಲಿಬಿಲಿ ಮಾಡಿಬಿಟ್ಟಿದೆ. ಸ್ವಲ್ಪ ಇಳಿದಿದೆ ಎಂಬುದರಲ್ಲಿ ನನಗಂತೂ ಸಂಶಯವಿಲ್ಲ, ಆದರೆ ಸಾಬೀತಾಯಿತು ಎಂದು ಯಾರಾದರೂ ಪಟ್ಟಿ ತೋರಿಸಿದರೆ ಇನ್ನು ಮುಂದೆ ಮೊದಲು ಅವರ ಊರಿನ ಗಾಳಿಯ ವಿಚಾರ ಕೇಳುತ್ತೇನೆ. ಎಂಜಿನ್ ಬಿಸಿಯ ಮುಳ್ಳು 210 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ನಟ್ಟನಡುವೆ, ಎಂದಿನಂತೆ ನಿಂತಿತ್ತು. ಭಾರ ಎಳೆಸಿಲ್ಲ, ಬಿಸಿಲಿನಲ್ಲಿ ಘಾಟಿ ಹತ್ತಿಸಿಲ್ಲ. ಅದರಿಂದ ಇದು ಪರೀಕ್ಷೆಯೇ ಅಲ್ಲ.

ಇನ್ನೊಂದು ಲೆಕ್ಕವೂ ಹೊರಬಿತ್ತು. ಈ ಮೂರು ವಾರಗಳಲ್ಲಿ ಓಡಿದ ಸಾವಿರದ ಐನೂರು ಚಿಲ್ಲರೆ ಮೈಲಿಗಳಲ್ಲಿ ಮಣ್ಣಿನ ದಾರಿ ಸೊನ್ನೆ.

2024 ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಕಚೇರಿಯಿಂದ ಬೇಗ ಬಂದು ಗಾಡಿ ತೊಳೆದೆ. ಕುಂಬಳಕಾಯಿಗೆ ಇದು ಸುಗ್ಗಿ, ಆದರೆ ಅಂಗಡಿಯ ತುಂಬ ಕೆಂಬಣ್ಣದ ಹ್ಯಾಲೋವೀನ್ ಕಾಯಿ; ಬೂದುಗುಂಬಳ ಸಿಗಲಿಲ್ಲ. ನಿಂಬೆಹಣ್ಣಿನಲ್ಲಿ ಮುಗಿಸಿದೆವು. ಬಾನೆಟ್ಟಿಗೆ, ಸ್ಟೀರಿಂಗಿಗೆ, ಪಕ್ಕದ ಮನೆಯವರ 7ರ ಸಾಕೆಟ್ಟಿಗೆ (ಇನ್ನೂ ಹಿಂದಿರುಗಿಸಿಲ್ಲ) ಕುಂಕುಮ ಇಟ್ಟಾಯಿತು. ಗ್ಯಾರೇಜಿನ ಗೋಡೆಗೆ ಒರಗಿಸಿದ್ದ ಒಡ್ಡಿನ ಮುಂದೆ ಹೆಂಡತಿ ಒಂದು ಗಳಿಗೆ ನಿಂತಳು. “ಇದೂ ಗಾಡಿಯದೇ ತಾನೇ?” ಎಂದು ಅದಕ್ಕೂ ಒಂದು ಬೊಟ್ಟು ಇಟ್ಟಳು.

2024 ಅಕ್ಟೋಬರ್ 26, ಶನಿವಾರ

ದೀಪಾವಳಿಗೆ ಕಾನ್ಸಾಸ್ ಸಿಟಿಯ ಚಿಕ್ಕಪ್ಪನ ಮಗನ ಮನೆಗೆ ಹೊರಟಿದ್ದೇವೆ. ಆರುನೂರು ಮೈಲಿ, ಅಷ್ಟೂ ಚಪ್ಪಟೆ ಬಯಲು, ಅಡ್ಡಗಾಳಿ, ಹೆದ್ದಾರಿ. ಒಡ್ಡನ್ನು ಇವತ್ತು ಮತ್ತೆ ಕೂರಿಸಿದೆ.

ಕಿತ್ತುಹೋದ ಎಡತುದಿಯಲ್ಲಿ ತೂತು ಹರಿದು ಬಾಯಿ ಬಿಟ್ಟಿತ್ತು. ಎಂಟಾಣೆಯಗಲದ ವಾಷರ್ ಕೊಟ್ಟು ಬಿಗಿದೆ. ಕ್ಲಿಪ್ಪುಗಳನ್ನು ಹೊಸದಾಗಿ ತಂದೆ, ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಸವರಿದೆ. ಮುಂದಿನ ಬೇಸಗೆಗೆ ಹೇಗೂ ಮತ್ತೆ ಬಿಚ್ಚಬೇಕು. ಈ ಸಲ ಕನ್ನಡಕ ಹಾಕಿಕೊಂಡಿದ್ದೆ, ಒಂದು ಕಣ ಮಣ್ಣೂ ಬೀಳಲಿಲ್ಲ. ಆ ಎರಡು ಉದ್ದದ ಬೋಲ್ಟುಗಳು ಎಲ್ಲಿಯವು ಎಂದು ಪತ್ತೆ ಹಚ್ಚಲು ಮಾತ್ರ ಅರ್ಧ ಬೆಳಗು ಹೋಯಿತು. ಇಡ್ಲಿ ತಟ್ಟೆಯ ಮಾತನ್ನು ನಾನು ಎತ್ತಲಿಲ್ಲ.

ಮಧ್ಯಾಹ್ನ ಮೂವರೂ ದಿನಸಿ ತರಲು ಹೊರಟೆವು. ಮನೆಯ ಇಳಿಜಾರು ಮುಗಿದು ರಸ್ತೆಯ ಚರಂಡಿಯ ತಗ್ಗಿಗೆ ಚಕ್ರ ಇಳಿಯಿತು. ಕೆಳಗೆ ಪರಕ್ ಎಂದಿತು.

“ಚಾಪೆ ಬಂತು” ಎಂದಳು ಮಗಳು.