ಅಡಾಪ್ಟರ್ ಇಲ್ಲದೆ ಪವರ್ ಪೋರ್ಟ್ ಪರೀಕ್ಷೆ

ಮೇ 12, 2024, ಭಾನುವಾರ
ಸಿದ್ದಾಪುರ, ಕೊಡಗು

ಮೊನ್ನೆಯ ಗುಡುಗು ಸಿಡಿಲಿನಲ್ಲಿ ಡಿಶ್‌ನ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಸುಟ್ಟುಹೋಯಿತೆಂದು ಪಕ್ಕದ ತೋಟದ ರೈಟರ್ (ತೋಟದ ಲೆಕ್ಕಪತ್ರ ನೋಡುವವರು) ಇಂದು ಬೆಳಿಗ್ಗೆ ಬಾಕ್ಸನ್ನು ತಂದುಕೊಟ್ಟರು. "ಅಡಾಪ್ಟರ್‌ಗೆಂದು ಕುಶಾಲನಗರಕ್ಕೆ ಹೋಗುವ ಮೊದಲು ಬಾಕ್ಸ್ ಉಳಿದಿದೆಯೋ ಇಲ್ಲವೋ ನೋಡಿ ಹೇಳಿ ಅಣ್ಣ" ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ತೂತಿಗೆ ಹೊಂದುವ ಯಾವುದೋ ಪಿನ್ನನ್ನು ಚುಚ್ಚಿ ನೋಡುವುದು ನಮ್ಮಲ್ಲಿ ರೂಢಿಯಾದರೂ, ಪಿನ್ ಹೊಂದಿದ ಮಾತ್ರಕ್ಕೆ ವೋಲ್ಟೇಜೂ ಧ್ರುವವೂ (ಪ್ಲಸ್-ಮೈನಸ್ ಯಾವ ಕಡೆ ಎಂಬುದು) ಹೊಂದುತ್ತವೆ ಎನ್ನುವಂತಿಲ್ಲ. ಒಂದೇ ಅಳತೆಯ ಪಿನ್ 5 ವೋಲ್ಟಿನದರಲ್ಲೂ ಇರುತ್ತದೆ, 19 ವೋಲ್ಟಿನದರಲ್ಲೂ ಇರುತ್ತದೆ.

ಬಾಕ್ಸಿನ ತಳದ ಚೀಟಿಯಲ್ಲಿ 12 ವೋಲ್ಟ್ ಎಂಬುದು ಓದುವಂತಿತ್ತು, ಆಂಪಿಯರ್ ಅಳಿಸಿಹೋಗಿತ್ತು. ನಡುವಿನ ಚುಕ್ಕೆಯಿಂದ ಗೆರೆ ಹೊರಟು ಪ್ಲಸ್ ಗುರುತಿಗೆ ಸೇರುವ ಚಿತ್ರವೂ ಇತ್ತು, ಅಂದರೆ ಒಳಗಿನ ಕಡ್ಡಿ ಪಾಸಿಟಿವ್. ಚೀಟಿಯನ್ನಷ್ಟೇ ನಂಬದೆ, ಮಲ್ಟಿಮೀಟರನ್ನು, ಎರಡು ಕಡೆಗಳ ನಡುವೆ ಸಂಪರ್ಕವಿದ್ದರೆ ಕೂಗುವ ಬೀಪ್ ಸ್ಥಾನದಲ್ಲಿಟ್ಟು, ಒಂದು ಪ್ರೋಬನ್ನು ಎಚ್‌ಡಿಎಂಐ ಪೋರ್ಟಿನ ಲೋಹದ ಹೊದಿಕೆಗೂ ಇನ್ನೊಂದನ್ನು ಪವರ್ ಪೋರ್ಟಿನೊಳಗಿನ ಪಕ್ಕದ ತಗಡಿಗೂ ತಾಗಿಸಿದೆ. ಆ ಹೊದಿಕೆ ಗ್ರೌಂಡಿಗೆ, ಅಂದರೆ ನೆಗೆಟಿವ್ ಬದಿಗೆ, ಸೇರಿರುವುದರಿಂದ ಬೀಪ್ ಬಂದ ಕಡೆ ನೆಗೆಟಿವ್. ಬೀಪ್ ಬಂತು, ಆದರೆ ಕೈ ಸ್ವಲ್ಪ ಅಲುಗಿದಾಗಲೆಲ್ಲ ಕಡಿದು ಕಡಿದು ಬಂತು.

ಅದನ್ನು ಬದಿಗಿಟ್ಟು ಮೊದಲು ಶಾರ್ಟ್ ಇದೆಯೇ ಎಂದು ನೋಡಿದೆ. ಸಿಡಿಲಿನ ಪ್ರಕರಣದಲ್ಲಿ ಇದೇ ಮುಖ್ಯ ಪ್ರಶ್ನೆ, ಏಕೆಂದರೆ ಪೋರ್ಟಿನ ಹಿಂದೆ ಟಿವಿಎಸ್ ಡಯೋಡ್ ಎಂಬ ರಕ್ಷಕ ಬಿಡಿಭಾಗ ಇದ್ದಲ್ಲಿ ಅದು ಅತಿವೋಲ್ಟೇಜನ್ನು ತನ್ನ ಮೇಲೆ ಎಳೆದುಕೊಂಡು, ತಡೆಯಲಾಗದಷ್ಟಾದಾಗ ಸಾಮಾನ್ಯವಾಗಿ ಶಾರ್ಟ್ ಆಗಿ ಸಾಯುತ್ತದೆ. ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಪ್ರೋಬ್ ಇಟ್ಟಾಗ ಮೀಟರ್ ಒಮ್ಮೆ ಚಿಕ್ಕದಾಗಿ ಕೂಗಿ ಸುಮ್ಮನಾಯಿತು, ಪರದೆಯ ಮೇಲಿನ ಅಂಕಿ ಏರುತ್ತಾ ಹೋಯಿತು. ಇದು ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ತುಂಬಿಕೊಳ್ಳುವ ಲಕ್ಷಣವೇ ಹೊರತು ಶಾರ್ಟ್ ಅಲ್ಲ. ಶಾರ್ಟ್ ಆಗಿದ್ದರೆ ಕೂಗು ನಿಲ್ಲುತ್ತಿರಲಿಲ್ಲ.

ಮುಚ್ಚಳ ತೆಗೆದಾಗ ಕಡಿಯುತ್ತಿದ್ದ ಬೀಪಿನ ಕಾರಣ ಕಣ್ಣಿಗೇ ಕಂಡಿತು. ಪೋರ್ಟಿನ ನೆಗೆಟಿವ್ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಉಂಗುರ ಬಿದ್ದಿತ್ತು. ಇದು ಸಿಡಿಲಿನ ಕೆಲಸವಲ್ಲ, ವರ್ಷಗಟ್ಟಲೆ ವಯರ್ ಎಳೆದಾಡಿದ್ದರ ಫಲ. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದು ಹಾಕಿದ ಮೇಲೆ, ಪೋರ್ಟನ್ನು ಎಷ್ಟು ಅಲುಗಿಸಿದರೂ ಬೀಪ್ ಕಡಿಯಲಿಲ್ಲ.

ವಿದ್ಯುತ್ ಕೊಡುವ ಸರದಿ ಆಮೇಲಿನದು. ಯುಪಿಎಸ್‌ನ 12 ವೋಲ್ಟಿನ ಬ್ಯಾಟರಿ ನನ್ನಲ್ಲಿದೆ, ಆದರೆ ಅದನ್ನು ನೇರವಾಗಿ ಜೋಡಿಸುವುದು ಅಪಾಯ, ಏಕೆಂದರೆ ಎಲ್ಲಾದರೂ ಶಾರ್ಟ್ ಇದ್ದರೆ ಅದು ವಯರ್ ಕರಗುವಷ್ಟು ಕರೆಂಟ್ ಸುರಿಯಬಲ್ಲದು. ಆದ್ದರಿಂದ ಪಾಸಿಟಿವ್ ವಯರಿನ ನಡುವೆ ಜೀಪಿನ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಸೇರಿಸಿದೆ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಕರೆಂಟನ್ನು ಪೌಣೆರಡು ಆಂಪಿಯರಿನ ಆಸುಪಾಸಿನಲ್ಲಿ ಕಟ್ಟಿಹಾಕುತ್ತದೆ. ಸರಿಯಿದ್ದರೆ ಬಲ್ಬಿನೊಳಗಿನ ತಂತಿ ತಣ್ಣಗಿರುವುದರಿಂದ ರೋಧ ಕಡಿಮೆಯಾಗಿ ಬಾಕ್ಸಿಗೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ದಕ್ಕುತ್ತದೆ. ಕರೆಂಟಿಗೆ ಮಿತಿ ಹಾಕಬಲ್ಲ ದುಬಾರಿ ಬೆಂಚ್ ಸಪ್ಲೈ ಇಲ್ಲದವರಿಗೆ ಇದಕ್ಕಿಂತ ಅಗ್ಗದ ಕಾವಲು ನನಗೆ ತಿಳಿದಿಲ್ಲ. ವಯರ್ ತಾಗಿಸಿದಾಗ ಬಲ್ಬ್ ಒಮ್ಮೆ ಮಿಣುಕಿ ಮಂಕಾಯಿತು, ಬಾಕ್ಸಿನ ಮುಂಭಾಗದಲ್ಲಿ ಕೆಂಪು ದೀಪ ಹತ್ತಿತು.

ಪವರ್ ಪೋರ್ಟ್ ಸರಿಯಿದೆ ಎಂದಷ್ಟಕ್ಕೆ ಬಾಕ್ಸ್ ಪಾಸಾಯಿತೆನ್ನಲು ಮನಸ್ಸು ಬರಲಿಲ್ಲ, ಏಕೆಂದರೆ ಸಿಡಿಲಿನ ಹೊಡೆತ ಚಾವಣಿಯ ಡಿಶ್‌ನಿಂದ ಇಳಿಯುವ ಕೇಬಲಿನಲ್ಲೂ ಬರಬಹುದು. ಬಾಕ್ಸ್ ಆನ್ ಆಗಿದ್ದಾಗಲೇ ಡಿಶ್ ಕನೆಕ್ಟರಿನ ನಡುವಿನ ತೂತಿಗೂ ಹೊರಮೈಗೂ ಮೀಟರ್ ಇಟ್ಟೆ. ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಘಟಕಕ್ಕೆ) ಹೋಗಬೇಕಾದ್ದು ಚಾನೆಲಿಗೆ ತಕ್ಕಂತೆ 13 ಅಥವಾ 18 ವೋಲ್ಟ್. ಇಲ್ಲಿ ಹದಿನೆಂಟರ ಹತ್ತಿರ ತೋರಿಸಿತು. 12 ವೋಲ್ಟ್, 2 ಆಂಪಿಯರ್ (ಬಾಕ್ಸಿನ ಮೇಲೆ ಅಳಿಸಿದ್ದರಿಂದ ಇದು ನನ್ನ ಅಂದಾಜು), ಒಳಗೆ ಪಾಸಿಟಿವ್, ಪಿನ್ನಿನ ಒಳಅಳತೆ 2.1 ಮಿಲಿಮೀಟರ್ ಎಂದು ಚೀಟಿಯಲ್ಲಿ ಬರೆದು ರೈಟರಿಗೆ ಕೊಟ್ಟೆ. 2.5ರದ್ದನ್ನು ಕೊಟ್ಟರೆ ಪಿನ್ ಒಳಗೆ ಹೋದರೂ ಸಡಿಲವಾಗಿ ಕುಳಿತು ಕಾಂಟ್ಯಾಕ್ಟ್ ಸರಿಯಾಗಿ ಸಿಗುವುದಿಲ್ಲ, ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ ಎಂದು ಬಾಕ್ಸನ್ನೂ ಜೊತೆಗೆ ಕಳಿಸಿದೆ.