ನಾಲ್ಕು ಇಂಚಿನ ಬಾಡಿ, ಒಂದು ಲೋಡ್ ಕಬ್ಬು

ಅಪ್ಪನ ಟಾಟಾ 207 ಮಾರಿ ಎಂಟು ವರ್ಷವಾಯಿತು. ಊರಿನಲ್ಲಿ ಅದನ್ನು ಯಾರೂ ಪಿಕಪ್ ಅನ್ನುತ್ತಿರಲಿಲ್ಲ, ‘ಟೂ ನಾಟ್ ಸೆವೆನ್’ ಅನ್ನುತ್ತಿದ್ದರು. ಗದ್ದೆಯಿಂದ ಆಲೆಮನೆಗೆ ಕಬ್ಬು, ಆಲೆಮನೆಯಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ. ಹದಿನಾಲ್ಕು ವರ್ಷ ಅದೇ ಓಡಾಟ. ಈಗ ಅಪ್ಪ ಅಮ್ಮ ಹಳ್ಳಿಯಲ್ಲಿದ್ದಾರೆ, ನಾನು ಮೈಸೂರಿನಲ್ಲಿದ್ದೇನೆ. ಕಳೆದ ದಸರಾಕ್ಕೆ ಅವರು ನಮ್ಮ ಮನೆಗೆ ಬರುವುದಿತ್ತು. ಆಯುಧಪೂಜೆ ದಿನ ಆ ಗಾಡಿಗೂ ಒಂದು ಪೂಜೆ ಆಗಬೇಕು ಅಂತ ನನ್ನ ಆಸೆ. ಅದಕ್ಕೇ ಅದರ ಪುಟ್ಟ ಮಾದರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಲು ಕೂತೆ.

ಇಂಥ ಮಾದರಿ ಕಟ್ಟಲು ಬಿಡಿಭಾಗಗಳ ಕಿಟ್ ಬರುತ್ತದೆ, ಆದರೆ 207ರ ಕಿಟ್ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಕೊನೆಗೆ ಎರಡು ಕಿಟ್ ಸೇರಿಸಿ ಒಂದು ಮಾಡುವುದು ಅಂತ ತೀರ್ಮಾನಿಸಿದೆ. ಮೊದಲನೆಯದು ಜಪಾನಿನ ಅಯೋಶಿಮಾ ಕಂಪನಿಯ ಟೊಯೋಟಾ ಹೈಲಕ್ಸ್, 1:24 ಅಳತೆಯದು. ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಜಪಾನಿನಲ್ಲೂ ನಮ್ಮ ಹಾಗೆ ಸ್ಟೀರಿಂಗ್ ಬಲಗಡೆ. ಅಮೆರಿಕದ ಕಿಟ್ ತಂದರೆ ಡ್ಯಾಶ್‌ಬೋರ್ಡನ್ನೇ ಕತ್ತರಿಸಿ ತಿರುಗಿಸಬೇಕು. ಇನ್ನೊಂದು ಕಾರಣ ಲೆಕ್ಕದ್ದು. 1:24 ಅಂದರೆ ಒಂದು ಅಡಿಗೆ ಸರಿಯಾಗಿ ಅರ್ಧ ಇಂಚು. ಅಪ್ಪನಿಗೆ ಫೋನ್ ಮಾಡಿ, ಏನೂ ಹೇಳದೆ, ಹಿಂದೆ ಲೋಡ್ ತುಂಬುವ ಬಾಡಿ ಎಷ್ಟು ಉದ್ದ ಇತ್ತು ಅಂತ ಕೇಳಿದೆ. “ಎಂಟಡಿ. ಯಾಕ್ಲಾ?” ಅಂದರು. ಎಂಟಡಿ ಅಂದರೆ ನಾಲ್ಕು ಇಂಚು. ಸೈಡ್ ಎತ್ತರ ಮೂರಡಿ, ಅಂದರೆ ಒಂದೂವರೆ ಇಂಚು. ಕ್ಯಾಲ್ಕುಲೇಟರ್ ಬೇಕಾಗಲೇ ಇಲ್ಲ.

ಎರಡನೆಯದು ನನ್ನ ಹತ್ತಿರ ಅರ್ಧ ಕಟ್ಟಿ ಬಿಟ್ಟಿದ್ದ ಎಎಂಟಿ ಕಂಪನಿಯ 1950ರ ಷೆವ್ರೊಲೆ ಪಿಕಪ್. ಇದು 1:25. ಅಳತೆಯಲ್ಲಿ ನೂರಕ್ಕೆ ನಾಲ್ಕರಷ್ಟು ಚಿಕ್ಕದು. ಕ್ಯಾಬಿನ್‌ನಲ್ಲಿ ಬೆರೆಸಿದರೆ ಕಣ್ಣಿಗೆ ಹೊಡೆಯುತ್ತದೆ, ಗಾಡಿ ಅಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದರ ಹಿಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ಪಟ್ಟಿಗಳನ್ನು ಬಿಡಿಸಿಕೊಂಡೆ.

ಆ ಷೆವ್ರೊಲೆಯನ್ನು ಹಿಂದೆ ನಾನು ನೆಲಕ್ಕೆ ತಾಗುವ ಹಾಗೆ ಇಳಿಸಿ ಕಟ್ಟಲು ಹೊರಟಿದ್ದೆ. ಅಮೆರಿಕದಲ್ಲಿ ಹಳೆ ಪಿಕಪ್ ಕಸ್ಟಮ್ ಮಾಡುವವರು ಬಹಳ ಜನ ಹಾಗೇ ಮಾಡುತ್ತಾರೆ. ಸ್ಪ್ರಿಂಗ್ ತಗ್ಗಿಸುತ್ತಾರೆ, ಟಾಪ್ ಕತ್ತರಿಸಿ ಗಿಡ್ಡ ಮಾಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಸ್ಪ್ರಿಂಗ್ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಅಪ್ಪ ಮಾಡಿಸಿದ್ದ ಕೆಲಸ. ಗಾಡಿ ತಂದ ವರ್ಷವೇ ಅವರು ಹಿಂದೆ ಎರಡು ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದರು. ಸೈಡ್‌ಗೆ ಆಂಗಲ್ ಕೊಟ್ಟು, ಶೀಟ್ ಹೊಡೆಸಿ, ಮೂರಡಿಗೆ ಎತ್ತರಿಸಿದ್ದರು. ಕ್ಯಾಬಿನ್ ಹಿಂದಿನ ಗಾಜಿಗೆ ಕಬ್ಬು ಬಡಿಯದಿರಲಿ ಅಂತ ಪೈಪಿನ ಜಾಲರಿ ಮಾಡಿಸಿದ್ದರು. ಅದೂ ಕಸ್ಟಮ್ ಗಾಡಿಯೇ ಅಲ್ವಾ? ಅಲ್ಲಿ ಅಂದಕ್ಕೆ ಇಳಿಸಿದರು, ಇಲ್ಲಿ ಹೊರೆಗೆ ಏರಿಸಿದರು. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ.

ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಶೀಟ್ ಸೀಳಿ ಎರಡೂ ಕಡೆಗೆ ಎರಡೆರಡು ಪಟ್ಟಿ ಸೇರಿಸಿದೆ. ಹಿಂಭಾಗ ಸ್ವಲ್ಪ ಮೇಲೆದ್ದಿತು. ಖಾಲಿ ಇದ್ದಾಗ ಅಪ್ಪನ ಗಾಡಿ ನಿಲ್ಲುತ್ತಿದ್ದದ್ದು ಹಾಗೇ, ಮೂತಿ ತಗ್ಗಿಸಿಕೊಂಡು. ಬಾಡಿಯನ್ನು ಪೂರಾ ಶೀಟಿನಲ್ಲೇ ಕಟ್ಟಿದೆ. ಇದಕ್ಕೆ ಬಳಸುವ ತೆಳು ಅಂಟು ನೀರಿನ ಹಾಗಿರುತ್ತದೆ. ಎರಡು ತುಂಡು ಜೋಡಿಸಿ ಹಿಡಿದು ಬ್ರಶ್ ತಾಗಿಸಿದರೆ ಸಾಕು, ಸಂದಿಗೆ ತಾನೇ ಓಡುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ವೆಲ್ಡಿಂಗ್ ಇದ್ದ ಹಾಗೆ. ಗಾಜಿಗೆ ಮಾತ್ರ ಫೆವಿಕಾಲ್. ಸೂಪರ್ ಗ್ಲೂ ಹಾಕಿದರೆ ಅದರ ಹೊಗೆಗೆ ಗಾಜು ಮಂಜಾಗುತ್ತದೆ.

ಆಯುಧಪೂಜೆಗೆ ಮೂರು ದಿನ ಇತ್ತು. ಅಪ್ಪನ ಗಾಡಿಯದು ಇಂಕ್ ನೀಲಿ ಬಣ್ಣ. ಪ್ರೈಮರ್ ಒಣಗಿತ್ತು. ಹೊರಗೆ ಮಳೆ. ಕಾಯಬೇಕಿತ್ತು, ನನಗೆ ಆತುರ. ಬಾಲ್ಕನಿಯಲ್ಲಿ ನಿಂತು ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ಬಾನೆಟ್ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ. ಬಣ್ಣದ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಹಸಿ ಬಣ್ಣದ ಮೇಲೆ ಕೂತುಬಿಡುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಬಿಸಿಲು ಬಂತು. 2000 ನಂಬರಿನ ವಾಟರ್ ಪೇಪರ್ ನೆನೆಸಿ, ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿದೆ. ಅಂಚುಗಳಲ್ಲಿ ಬಣ್ಣ ಬೇಗ ಸವೆಯುತ್ತದೆ, ಅಲ್ಲಿ ಉಸಿರು ಬಿಗಿಹಿಡಿದೇ ಕೆಲಸ. ಆಮೇಲೆ ತೆಳ್ಳಗೆ ಮೂರು ಕೋಟ್, ನಡುನಡುವೆ ಅರ್ಧ ಗಂಟೆ ಬಿಟ್ಟು. ಈ ಸಲ ನೀಲಿ ನೀಲಿಯಾಗಿಯೇ ಉಳಿಯಿತು. ಕ್ಯಾಬಿನ್ ಮೇಲೆ ‘ಶ್ರೀ ಕಾಲಭೈರವೇಶ್ವರ ಪ್ರಸನ್ನ’ ಅಂತ ಮೂರು ಮಿಲಿಮೀಟರ್ ಅಕ್ಷರದ ಸ್ಟಿಕ್ಕರ್. ಡೆಕಲ್ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ನೀರಿನಲ್ಲಿ ನೆನೆಸಿ ಜಾರಿಸಿದ್ದು.

ಇನ್ನು ಕಬ್ಬು. ಒಂದು ಜಲ್ಲೆ ಮೂರು ಸೆಂಟಿಮೀಟರ್ ದಪ್ಪ ಅಂದುಕೊಂಡರೆ 24ರಲ್ಲಿ ಒಂದು ಭಾಗ, ಒಂದೂಕಾಲು ಮಿಲಿಮೀಟರ್. ಅದು ತೆಂಗಿನಕಡ್ಡಿಯ ದಪ್ಪ! ಹೊಸ ಕಡ್ಡಿಪೊರಕೆ ಬಿಚ್ಚಿ, ಒಂಬತ್ತಡಿ ಜಲ್ಲೆಗೆ ನಾಲ್ಕೂವರೆ ಇಂಚಿನ ಲೆಕ್ಕದಲ್ಲಿ ಇನ್ನೂರು ಕಡ್ಡಿ ಕತ್ತರಿಸಿದೆ. ಹಳದಿ ಬೆರೆತ ಹಸಿರು ಬಳಿದು, ಗಿಣ್ಣಿಗೆ ಕಂದು ಪೆನ್ನಿನಲ್ಲಿ ಗೆರೆ ಎಳೆದೆ. ಎರಡು ಸಂಜೆ ಬೇಕಾಯಿತು. ಹಿಡಿಹಿಡಿಯಾಗಿ ಕಂತೆ ಕಟ್ಟಿ ತುಂಬಿದೆ. ಮೇಲೆ ದಾರ ಸುತ್ತಿ ಎರಡು ಗಂಟು ಹಾಕಿದೆ.

ಪೂಜೆ ದಿನ ಬೆಳಿಗ್ಗೆ ಸ್ಕೂಟರ್ ಪಕ್ಕ ಮಣೆಯ ಮೇಲೆ ಅದನ್ನಿಟ್ಟೆ. ಅಪ್ಪ ಕುಂಕುಮದ ಬಟ್ಟಲು ಹಿಡಿದು ಬಂದವರು ಅಲ್ಲೇ ಕೂತರು. ಕನ್ನಡಕ ತಂದುಕೊಡು ಅಂದರು. ಅಡಿ ತಿರುಗಿಸಿ ನೋಡಿದರು. ಸ್ಪ್ರಿಂಗ್ ಪಟ್ಟಿಗಳ ಮೇಲೆ ಉಗುರಿಟ್ಟು ಎಣಿಸಿದರು. ಅಮ್ಮ ಹಿಂದಿನಿಂದ, “ನಮ್ ಗಾಡಿನೇ ಅಲ್ವೇನ್ರೀ ಇದು!” ಅಂದರು. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಡಿ ಕಡೆ ಬೆರಳು ತೋರಿಸಿದರು.

“ಹಗ್ಗ ಹಿಂಗ್ ಕಟ್ಟಿದ್ರೆ ನಾಲೆ ಏರಿ ದಾಟೋದ್ರೊಳಗೆ ಅರ್ಧ ಕಬ್ಬು ರೋಡಲ್ಲಿರ್ತದೆ ಕಣಪ್ಪ.”

ಬಟ್ಟೆ ಒಣಹಾಕುವ ಹಗ್ಗ ತರಿಸಿದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಅದರ ಕಾಲಿಗೆ ಒಂದು ತುದಿ ಕಟ್ಟಿ, ಮೇಲಿಂದ ದಾಟಿಸಿದರು. ನಡುವೆ ಒಂದು ಕುಣಿಕೆ ತಿರುವಿದರು. ಇನ್ನೊಂದು ತುದಿಯನ್ನು ಆಚೆ ಕಾಲಿಗೆ ಬಳಸಿ ತಂದು, ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗಿದರು. ಹಗ್ಗ ತಂತಿಯ ಹಾಗೆ ಬಿಗಿಯಾಯಿತು. “ಕುಣಿಕೆ ಮೇಲಿರ್ಬೇಕು, ಎಳೆತ ಕೆಳಕ್ಕಿರ್ಬೇಕು. ಬಿಚ್ಚೋವಾಗ ಒಂದೇ ಜಗ್ಗು.”

ಪೂಜೆ ಅರ್ಧ ಗಂಟೆ ತಡವಾಯಿತು. ನಾನು ಚಿಮಟ ಹಿಡಿದು, ಹಳೆ ದಾರ ಕತ್ತರಿಸಿ, ಹೊಸ ದಾರಕ್ಕೆ ಆ ಕುಣಿಕೆ ಹಾಕುತ್ತಿದ್ದೆ. ಬಾಡಿಗೆ ಹಗ್ಗದ ಕೊಕ್ಕೆಗಳನ್ನೇ ನಾನು ಇಟ್ಟಿರಲಿಲ್ಲ. ಒಂದೊಂದು ಕಡೆಗೆ ನಾಲ್ಕು ಇದ್ದವಂತೆ. ಆಮೇಲೆ ತಾಮ್ರದ ತಂತಿಯಲ್ಲಿ ಮಾಡಿ ಕೂರಿಸಿದೆ.